ನಾಲ್ಕು ಚಕ್ರದ ಮನೆಗೆ ಗಿರಾಕಿ ಸಿಕ್ಕಿದ್ದು

ಬ್ಯಾಂಕಿನಿಂದ ಸ್ವಯಂನಿವೃತ್ತಿ ಪಡೆದ ದಿನ, ಶಾಲು ಹಾರಗಳ ನಡುವೆ ನಿಂತು ನಾನೊಂದು ಭಾಷಣ ಮಾಡಿದೆ. ಇನ್ನು ಮುಂದೆ ನನಗೆ ಗೋಡೆಗಳಿಲ್ಲ, ದೇಶವೆಲ್ಲ ನನ್ನ ಹಿತ್ತಲು ಎಂಬ ಅರ್ಥದ ಮಾತುಗಳು. ಸಹೋದ್ಯೋಗಿಗಳು ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನಲ್ಲಿದ್ದ ನನ್ನ ಹೆಂಡತಿ ತಟ್ಟೆಯಲ್ಲಿದ್ದ ಮೈಸೂರುಪಾಕನ್ನೇ ನೋಡುತ್ತಿದ್ದಳು. ನನಗೆ ಆಗಲೇ ಅರ್ಥವಾಗಬೇಕಿತ್ತು.

ಮರುತಿಂಗಳು ಹರಾಜಿನಲ್ಲಿ ಒಂದು ಹಳೆಯ ಲಾರಿ ಕೊಂಡೆ. ನಾಲ್ಕೂ ಚಕ್ರ ಎಳೆಯುವಂಥದ್ದು. ಕೆಸರು, ಮರಳು, ಬಂಡೆ ಯಾವುದಕ್ಕೂ ಹೆದರುವುದಿಲ್ಲ ಎಂದು ಮಾರಿದವನು ಭರವಸೆ ಕೊಟ್ಟ. ರಾಮನಗರದ ಹಳೇ ಹೈವೇ ಪಕ್ಕದಲ್ಲಿ ಬಸ್ಸುಗಳಿಗೆ ಬಾಡಿ ಕಟ್ಟುವ ಶೆಡ್ಡೊಂದರಲ್ಲಿ ಅದರ ಬೆನ್ನ ಮೇಲೆ ಮನೆ ಏಳತೊಡಗಿತು. ಮಂಚ, ಅಡುಗೆಕಟ್ಟೆ, ಕಕ್ಕಸು, ನೀರಿನ ಟ್ಯಾಂಕು, ಮೇಲೆ ಸೋಲಾರು, ತಲೆದಿಂಬಿನ ಹತ್ತಿರ ಪುಸ್ತಕದ ಕಪಾಟು. ಇಬ್ಬರು ವರ್ಷಪೂರ್ತಿ ಬದುಕಬಹುದಾದ ಮನೆ. ಒಳಗಿನ ಮರಗೆಲಸ ಮಾಡಿದವರು ಚನ್ನಪಟ್ಟಣದ ಒಬ್ಬ ಹಿರಿಯರು. ಜೀವಮಾನವೆಲ್ಲ ಬೊಂಬೆ ಮಾಡಿದ ಕೈ. ಕಪಾಟಿನ ಹಿಡಿಗಳನ್ನೆಲ್ಲ ಬುಗುರಿಯ ಹಾಗೆ ಕಡೆದು ಅರಗಿನ ಬಣ್ಣ ಹಚ್ಚಿಕೊಟ್ಟರು. ಎಳೆದರೆ ಕೈಗೇ ಬರುತ್ತಿದ್ದವು, ಆದರೆ ನೋಡಲು ಬಹಳ ಚೆನ್ನಾಗಿದ್ದವು.

ಒಂದೂವರೆ ವರ್ಷಕ್ಕೆ ಕೆಲಸ ಮುಗಿಯಿತು. ಇನ್ನು ಮನೆಯ ಹಂಗೇಕೆ ಎಂದು ರಾಮನಗರದ ನಮ್ಮ ಮನೆಯನ್ನು ಒಬ್ಬ ಹೈಸ್ಕೂಲು ಮೇಷ್ಟರಿಗೆ ಹನ್ನೊಂದು ತಿಂಗಳ ಕರಾರಿನ ಮೇಲೆ ಬಾಡಿಗೆಗೆ ಕೊಟ್ಟೆ. ಕರಾರುಪತ್ರವನ್ನು ನಾನೇ ಬರೆದೆ. ಬ್ಯಾಂಕಿನಲ್ಲಿ ಅದೇ ಕೆಲಸ ಮಾಡಿದವನು, ಒಂದು ಲೋಪವೂ ಇರದಂತೆ ಬರೆದೆ.

ಲಡಾಖಿಗೆ ಹೊರಟ ಗಾಡಿ ಊರಾಚೆಯ ರೈಲ್ವೆ ಅಂಡರ್‌ಪಾಸ್ ದಾಟಲಿಲ್ಲ. ಎತ್ತರ ಅಳೆಯುವಾಗ ನಾನು ಸೋಲಾರನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಹಿಂದಕ್ಕೆ ಬಂದು ಸುತ್ತು ಹಾಕಿಕೊಂಡು ಹೋಗಿ, ಎರಡನೆಯ ದಿನ ಕಬ್ಬಾಳು ಬೆಟ್ಟದ ಕೆಳಗೆ ಯಾರದೋ ರಾಗಿ ಹೊಲದ ಅಂಚಿನಲ್ಲಿ ಬಿಡಾರ ಹೂಡಿದೆವು. ಸಂಜೆ ಒಂದು ಮಳೆ ಬಿತ್ತು. ಯಾವುದಕ್ಕೂ ಹೆದರದ ಗಾಡಿ ಅಚ್ಚಿನ ತನಕ ಹೂತು ಕೂತಿತು. ಟ್ರಾಕ್ಟರ್ ತಂದು ಎಳೆದ ಹೊಲದ ಯಜಮಾನ ಗಾಡಿಯನ್ನು ಒಂದು ಸುತ್ತು ಹಾಕಿ ನೋಡಿ, "ಮನೆ ಇಲ್ವಾ ಸಾರ್ ನಿಮ್ಗೆ?" ಎಂದು ಬಹಳ ಮೆತ್ತಗೆ ಕೇಳಿದ.

"ಐತೆ, ಬಾಡಿಗೆಗೆ ಕೊಟ್ಟವ್ರೆ," ಎಂದಳು ಹೆಂಡತಿ. ಆತ ಹಗ್ಗ ಸುತ್ತಿಕೊಂಡು ಟ್ರಾಕ್ಟರ್ ಹತ್ತಿದ.

ಹೀಗೆ ನಾಲ್ಕು ತಿಂಗಳು ದೇಶ ಸುತ್ತಿದೆವು. ದೇಶವೆಂದರೆ ಕನಕಪುರದಿಂದ ಮಾಗಡಿಯ ತನಕ. ಉಳಿದ ದಿನಗಳನ್ನು ಗ್ಯಾರೇಜುಗಳಲ್ಲಿ ಕಳೆದೆವು. ಏಣಿ ಹತ್ತಿ ಇಳಿದು ಹೆಂಡತಿಯ ಮಂಡಿ ಊದಿಕೊಂಡಿತು. ಒಂದು ಬೆಳಿಗ್ಗೆ ನಾನು ಕಕ್ಕಸಿನ ಡಬ್ಬ ಹಿಡಿದು, ಎಲ್ಲಿ ಖಾಲಿ ಮಾಡುವುದೆಂದು ಸ್ವತಂತ್ರ ಮನುಷ್ಯನ ಹಾಗೆ ನಾಲ್ಕು ದಿಕ್ಕೂ ನೋಡುತ್ತ ನಿಂತಿದ್ದಾಗ ಅವಳು ಬಾಗಿಲಿಗೆ ಬಂದಳು.

"ರೀ, ನಿಮ್ಗೆ ಬೇಜಾರಾಗ್ಬಾರ್ದು ಅಂತ ಇಷ್ಟು ದಿನ ಸುಮ್ನಿದ್ದೆ," ಎಂದಳು. "ಇವತ್ತಿಂದ ನಿಮ್ಗೆ ಬೇಜಾರಾದ್ರೂ ಪರ್ವಾಗಿಲ್ಲ."

ಊರಿಗೆ ಮರಳಿದೆವು. ಮನೆಯಲ್ಲಿ ಮೇಷ್ಟರ ಸಂಸಾರವಿತ್ತು, ಕರಾರು ಮುಗಿಯಲು ಇನ್ನೂ ಏಳು ತಿಂಗಳಿತ್ತು. ಬೇರೆ ದಾರಿ ಕಾಣದೆ ಗಾಡಿಯನ್ನು ನಮ್ಮದೇ ಕಾಂಪೌಂಡಿನಲ್ಲಿ, ನಮ್ಮದೇ ಬಾಗಿಲ ಎದುರಿಗೆ ನಿಲ್ಲಿಸಿ ಅದರಲ್ಲೇ ವಾಸ ಶುರುಮಾಡಿದೆವು. ನಮ್ಮ ಅಡುಗೆಮನೆಯಿಂದ ಒಗ್ಗರಣೆಯ ವಾಸನೆ ಬರುತ್ತಿತ್ತು. ನಮ್ಮ ಜಗಲಿಯಲ್ಲಿ ಮೇಷ್ಟರು ಕಾಲು ಚಾಚಿ ಪೇಪರು ಓದುತ್ತಿದ್ದರು. ನಾನು ಗಾಡಿಯ ಕಿಟಕಿಯಿಂದ ನೋಡುತ್ತಿದ್ದೆ. ಅವರ ಹೆಂಡತಿ ದಿನ ಬಿಟ್ಟು ದಿನ ಒಂದು ಡಬ್ಬಿಯಲ್ಲಿ ಸಾರು ತಂದು, "ಆಂಟಿ, ಇದ್ರೊಳ್ಗೆ ಸರಿಯಾಗಿ ಬೇಯಿಸ್ಕೊಳಾಕೂ ಆಗಲ್ಲ, ತಗಳಿ," ಎಂದು ಕೊಡುವಳು. ಸಾರು ರುಚಿಯಾಗಿತ್ತು. ಅದರಿಂದ ಅವಮಾನ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ.

ಮೂರನೆಯ ವಾರ ಮೇಷ್ಟರೇ ಬಂದು ಏಣಿಯ ಕೆಳಗೆ ನಿಂತರು. ಕೈಯಲ್ಲಿ ಒಂದು ಕಾಗದವಿತ್ತು.

"ತಪ್ಪು ತಿಳ್ಕೋಬೇಡಿ ಸಾರ್. ನನ್ ಬೈಕು ಆಚೆ ತೆಗಿಯಾಕಾಗ್ತಿಲ್ಲ. ಕಾಂಪೌಂಡೂ ಬಾಡಿಗೇಲಿ ಸೇರೈತೆ ಅಂತ ನೀವೇ ಬರ್ದಿದ್ದೀರಿ. ಆರನೇ ಪಾಯಿಂಟು."

ಓದಿದೆ. ಎಂಥ ಸ್ಪಷ್ಟವಾದ ಭಾಷೆ. ಬರೆದವನ ಮೇಲೆ ನನಗೇ ಗೌರವ ಬಂತು.

ಬೈಕಿನಷ್ಟು ದಾರಿ ಬಿಟ್ಟು ಗಾಡಿಯನ್ನು ಪಕ್ಕಕ್ಕೆ ಸರಿಸಿ, ಅಂದೇ ಮೊಬೈಲಿನಲ್ಲಿ ಜಾಹೀರಾತು ಹಾಕಿದೆ. 'ಕನಸುಗಾರ ದಂಪತಿಗಳ ಸಂಚಾರಿ ಮನೆ, ಮನಸ್ಸಿಲ್ಲದ ಮನಸ್ಸಿನಿಂದ ಮಾರಾಟಕ್ಕಿದೆ' ಎಂದು ಬರೆದಿದ್ದೆ. ಹೆಂಡತಿ ಓದಿ, "ದಂಪತಿಗಳು ಅಂತ ತೆಗೀರಿ, ಕನಸುಗಾರ ಒಬ್ಬನೇ," ಎಂದಳು.

ಮೊದಲು ಬಂದದ್ದು ಬೆಂಗಳೂರಿನ ಒಂದು ಜೋಡಿ. ಗಂಡ ಮಂಚದ ಮೇಲೆ ಕೂತು ಕಿಟಕಿಯಾಚೆ ದೂರಕ್ಕೆ ನೋಡಿದ. ಅವನ ಹೆಂಡತಿ ವಿಡಿಯೋ ತೆಗೆದಳು. ಆಮೇಲೆ ಆಕೆ ನಮ್ಮ ಒಲೆಯ ಮುಂದೆ ಕಾಫಿ ಲೋಟ ಹಿಡಿದು ನಕ್ಕಳು, ಗಂಡ ತೆಗೆದ. ಕಾಫಿ ನನ್ನ ಹೆಂಡತಿ ಮಾಡಿದ್ದು. ಕಿಟಕಿಯಲ್ಲಿ ಕಾಣುತ್ತಿದ್ದ ಮೇಷ್ಟರ ಒಗೆದ ಬಟ್ಟೆಗಳನ್ನು ಸ್ವಲ್ಪ ತೆಗೆಸಬಹುದೇ ಎಂದು ಕೇಳಿದರು. ಎರಡು ಗಂಟೆ ಕಳೆದ ಮೇಲೆ, ಯೋಚಿಸಿ ಹೇಳುತ್ತೇವೆ ಎಂದು ಹೋದರು. ಇನ್ನೂ ಯೋಚಿಸುತ್ತಿದ್ದಾರೆ.

ಆಮೇಲೆ ಕುದೂರಿನಿಂದ ಒಬ್ಬ ಗಟ್ಟಿ ಗಿರಾಕಿ ಬಂದ. ತಟ್ಟೆ ಇಡ್ಲಿ ಹೋಟೆಲಿನವನು. ಒಳಗೆ ಬಂದವನೇ ಗೋಡೆಗಳನ್ನು ಬೆರಳಿನಿಂದ ಬಡಿದು ನೋಡಿದ.

"ಈ ಪಕ್ಕ ಪೂರ್ತಿ ಕುಯ್ದು ತೆಗುದ್ರೆ ಕೌಂಟ್ರು ಆಯ್ತದೆ. ಅಲ್ಲೇನ್ ಸಾರ್ ಅದು?"

"ಶೌಚಾಲಯ."

ಅವನು ಮುಖ ಕಿವುಚಿದ. "ಅಡುಗೆ ಮಾಡೋ ಪಕ್ದಲ್ಲೇನಾ? ಗೊತ್ತಾದ್ರೆ ಒಬ್ಬನೂ ಇಡ್ಲಿ ತಿನ್ನಲ್ಲ ಬುಡಿ," ಎಂದು ಇಳಿದು ಹೋದ. ಇಷ್ಟು ತಿಂಗಳು ಅಲ್ಲೇ ಉಂಡವರು ನಾವು. ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಹೀಗೇ ಆರು ತಿಂಗಳು ಕಳೆದ ಮೇಲೆ, ಇನ್ನು ಯಾರೂ ಬರಲಾರರು ಎಂದುಕೊಂಡಿದ್ದಾಗ, ಮಾಗಡಿ ಕಡೆಯಿಂದ ಒಬ್ಬ ಹೆಂಗಸು ಬಂದರು. ನಲವತ್ತೈದರ ಆಸುಪಾಸು, ಹತ್ತಿ ಸೀರೆ, ಮಣ್ಣು ಮೆತ್ತಿದ ಚಪ್ಪಲಿ. ಬೋರ್‌ವೆಲ್ ಕೊರೆಯುವ ಲಾರಿಯ ಒಡತಿ. ಗಂಡನಿಗೆ ಲಕ್ವ ಹೊಡೆದ ಮೇಲೆ ತಾನೇ ನಡೆಸುತ್ತಿದ್ದೇನೆ ಎಂದು ಅವರೇ ಹೇಳಿದರು. ನಾನು ಸೋಲಾರಿನಿಂದ ಶುರುಮಾಡಿ ಅಚ್ಚುಕಟ್ಟಾಗಿ ವಿವರಿಸುತ್ತಿದ್ದೆ. ಅವರು ನಡುವೆಯೇ ಕೈ ಎತ್ತಿದರು.

"ಅದೆಲ್ಲ ಇರ್ಲಿ ಸಾರ್. ಉತ್ತ ಹೊಲದಾಗೆ ಎಳೀತೈತಾ? ಆರು ಜನ ಮಲಗ್ಬೌದಾ?"

"ಇದು ಇಬ್ಬರಿಗೆಂದು ವಿನ್ಯಾಸ ಮಾಡಿದ್ದು," ಎಂದೆ.

"ಆರು ಜನ ಮಲಗ್ಬೋದು ಅಕ್ಕ," ಎಂದಳು ನನ್ನ ಹೆಂಡತಿ ಹಿಂದಿನಿಂದ. "ಕಪಾಟು ಕಿತ್ತಾಕಿದ್ರೆ ಎಂಟು ಜನ."

"ನಮ್ ಜನ ಮೂರು ಮೂರು ತಿಂಗ್ಳು ಮನೆ ಮುಖ ನೋಡಲ್ಲ," ಎಂದು ಆಕೆ ನನಗಲ್ಲ, ಅವಳಿಗೆ ಹೇಳಿದರು. "ಇವತ್ತು ಈ ಹೊಲ, ನಾಳೆ ಇನ್ನೊಂದು. ಲಾರಿ ಕೆಳ್ಗೆ ಟಾರ್ಪಾಲು ಹಾಕ್ಕೊಂಡು ಮಲಗ್ತಾರೆ. ಹೋದ್ ಮಳೇಲಿ ಒಬ್ಬಂಗೆ ಹಾವು ಕಚ್ತು. ಬದ್ಕವ್ನೆ, ಆದ್ರೆ ಅವತ್ತಿಂದ ನಂಗೇ ನಿದ್ದೆ ಬರಲ್ಲ."

ನನ್ನ ಬಳಿ ಇನ್ನೂ ಅರ್ಧ ಗಂಟೆಯ ವಿವರಣೆ ಬಾಕಿಯಿತ್ತು. ಅದನ್ನು ಬಿಟ್ಟೆ. ಗಾಡಿ ಅಚ್ಚಿನ ತನಕ ಹೂತದ್ದನ್ನೂ, ಹಿಡಿಗಳು ಕಿತ್ತು ಬರುವುದನ್ನೂ ನಾನಾಗಿಯೇ ಹೇಳಿದೆ. ಅವರು ನಕ್ಕು, "ನಮ್ ಡ್ರೈವರ್ ಕೈಗ್ ಕೊಡಿ, ಹೂತ್ಕೊಳಲ್ಲ," ಎಂದರು. ಚೌಕಾಸಿ ಹೆಚ್ಚು ನಡೆಯಲಿಲ್ಲ. ನನ್ನ ಖರ್ಚಿಗೂ ಅವರು ಕೊಟ್ಟ ಬೆಲೆಗೂ ನಡುವೆ ಎಷ್ಟು ಅಂತರವಿತ್ತೆಂದು ಬರೆದರೆ ಓದುಗರು ನನ್ನನ್ನು ಬ್ಯಾಂಕಿನಲ್ಲಿ ಇಟ್ಟುಕೊಂಡಿದ್ದವರನ್ನು ಬೈಯಬಹುದು.

ಎರಡು ದಿನದ ನಂತರ ಮಾಗಡಿ ತಾಲೂಕಿನ ಒಂದು ಹೊಲದಲ್ಲಿ ಗಾಡಿ ಒಪ್ಪಿಸಿದೆವು. ಕೊರೆಯುವ ಕೆಲಸ ಆಗಷ್ಟೇ ನಿಂತಿತ್ತು. ಕೆಲಸದವರು ತಲೆಯಿಂದ ಕಾಲಿನವರೆಗೆ ಬೂದು ಬಣ್ಣದ ಕಲ್ಲಿನ ಕೆಸರಲ್ಲಿ ಮುಳುಗಿದ್ದರು. ಸ್ವಿಚ್ಚುಗಳನ್ನು ಪರಿಚಯಿಸುತ್ತೇನೆ ಬನ್ನಿ ಎಂದು ಅವರಲ್ಲಿ ಹಿರಿಯನನ್ನು ಒಳಗೆ ಕರೆದೆ. ಸೇಲಂ ಕಡೆಯ ಮನುಷ್ಯ, ಐವತ್ತು ದಾಟಿತ್ತು. ಎರಡನೆಯ ಸ್ವಿಚ್ಚಿಗೆ ಬರುವಷ್ಟರಲ್ಲಿ ಆತ ಮಂಚದ ಅಂಚಿನಲ್ಲಿ ಕೂತಿದ್ದ. ನಾಲ್ಕನೆಯದಕ್ಕೆ ಬರುವಾಗ ಒರಗಿ ನಿದ್ದೆ ಹೋಗಿದ್ದ. ನನ್ನ ಬಿಳಿ ಹಾಸಿಗೆಯ ಮೇಲೆ, ಬೂಟು ಸಮೇತ.

ಇದ್ದ ಸ್ವಿಚ್ಚುಗಳು ಹದಿನಾಲ್ಕು. ಉಳಿದ ಹತ್ತನ್ನು ನಾನು ಯಾರಿಗೂ ಹೇಳಲಿಲ್ಲ. ಫ್ಯಾನು ಹಾಕಿ ಮೆಲ್ಲಗೆ ಇಳಿದೆ. ಹತ್ತು ತಿಂಗಳಲ್ಲಿ ನಾನಾಗಲಿ ಅವಳಾಗಲಿ ಆ ಮಂಚದ ಮೇಲೆ ಅಂಥ ನಿದ್ದೆ ಮಾಡಿದ್ದಿಲ್ಲ.  ಕೊರೆದ ಕಲ್ಲಿನ ಧೂಳು ಒಳಗೆ ಬಾರದಿರಲೆಂದು ಬಾಗಿಲು ಎಳೆದುಕೊಂಡೆ. ಕೆಳಗೆ ನಿಂತಿದ್ದ ಹೆಂಡತಿ ನೀರಿನ ಬಾಟಲಿ ಕೊಟ್ಟಳು.

ಬಸ್ಸು ಹಿಡಿದು ಊರಿಗೆ ಬಂದ ಮೇಲೆ, ನಮಗೆ ಹೋಗಲು ಮನೆಯಿಲ್ಲ ಎನ್ನುವುದು ನೆನಪಾಯಿತು. ಕರಾರಿನಲ್ಲಿ ಇನ್ನೂ ಮೂರು ವಾರ ಉಳಿದಿತ್ತು. ಬಸ್‌ಸ್ಟ್ಯಾಂಡಿನ ಎದುರಿನ ಲಾಡ್ಜಿನಲ್ಲಿ ಒಂದು ರೂಮು ಮಾಡಿದೆವು. ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ. ಹಾಸಿಗೆಯ ಬಟ್ಟೆಯನ್ನು ಬೇರೆಯವರು ಒಗೆಯುತ್ತಿದ್ದರು, ಕಾಫಿಯನ್ನು ಬೇರೆಯವರು ತರುತ್ತಿದ್ದರು, ನಲ್ಲಿ ತಿರುಗಿಸಿದರೆ ಬಿಸಿನೀರು ಬರುತ್ತಿತ್ತು. ಹೆಂಡತಿಯ ಮಂಡಿಯ ಊತ ಇಳಿಯಿತು. ಒಂದು ಮಧ್ಯಾಹ್ನ ಅವಳು ದಿಂಬಿಗೆ ಒರಗಿಕೊಂಡು, "ಈಗ ಒಸಿ ಪ್ರವಾಸಕ್ಕೆ ಬಂದಂಗೈತೆ ಕಣ್ರೀ," ಎಂದಳು.

ಆಗಲೇ ಆ ಬೋರ್‌ವೆಲ್ಲಿನ ಹಿರಿಯನ ಫೋನು ಬಂತು. ಅರ್ಧ ತಮಿಳು ಅರ್ಧ ಕನ್ನಡದಲ್ಲಿ, ಕಕ್ಕಸಿನ ಡಬ್ಬ ಎಲ್ಲಿ ಖಾಲಿ ಮಾಡುವುದು ಎಂದು ಕೇಳುತ್ತಿದ್ದ. ನನಗೂ ಅದು ಇಂದಿನವರೆಗೆ ಗೊತ್ತಿಲ್ಲ ಎಂದು ನಿಜವನ್ನೇ ಹೇಳಿದೆ. ಆತ ಪಕ್ಕದವರೊಂದಿಗೆ ತಮಿಳಿನಲ್ಲಿ ಏನೋ ಮಾತಾಡಿ, "ಸರಿ ಸಾರ್, ಅದನ್ನ ತೆಗ್ದು ಅಕ್ಕಿ ಮೂಟೆ ಇಡ್ತೀವಿ," ಎಂದ.