ಬಂಡೆ ಮೇಲಿನ ನಡುಕದ ಸಾಹೇಬರು

ಅಂಗಳದಲ್ಲಿ ಕುಳಿತು ಒಣಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದೆ. ಬಿಸಿಲಿಗೆ ಗರಿಗರಿಯಾದ ಕಾಯಿಯ ಘಾಟು ಏರಿ ನನಗೂ ಅತ್ತೆಗೂ ಸೀನು ಹತ್ತಿತ್ತು. ಅಷ್ಟರಲ್ಲಿ ರಸ್ತೆಯಾಚೆಯ ವೆಲ್ಡಿಂಗ್ ಅಂಗಡಿಯ ಭಾಯಿ ಫೋನು ಕೈಯಲ್ಲಿ ಹಿಡಿದುಕೊಂಡೇ ಬಂದು ಬಾಗಿಲ ಬಳಿ ನಿಂತ. ಒಳಗೆ ಕರೆದರೂ ಬರಲಿಲ್ಲ.

"ಅಕ್ಕಾರ, ನಮ್ಮ ನಡುಕದ ಸಾಹೇಬ್ರು ತೀರಿಕೊಂಡ್ರಂತ್ರೀ. ಅವರ ಮಗಳು ಫೋನ್ ಮಾಡಿದ್ಲು."

ಕೈಯಲ್ಲಿದ್ದ ಕಾಯಿ ಕೈಯಲ್ಲೇ ಉಳಿಯಿತು. ಅವರನ್ನು ಒಂದು ಮಾತು ಕೇಳಬೇಕೆಂದು ಎಷ್ಟೋ ವರ್ಷದಿಂದ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆ. ಭಾಯಿಯ ಹತ್ತಿರ ಅವರ ನಂಬರು ಇತ್ತು, ನನ್ನ ಹತ್ತಿರ ಮಾತು ಇತ್ತು. ಆದರೂ ಕೇಳಿರಲಿಲ್ಲ…

ನಾನು ಗಂಗಾವತಿ ಹತ್ತಿರದ ಮರಳಿಯವಳು. ಕಾಲುವೆ ನೀರು, ಭತ್ತದ ಕೆಸರು ಕಂಡವಳು ಈ ತಾವರಗೇರಾಕ್ಕೆ ಸೊಸೆಯಾಗಿ ಬಂದೆ. ನಮ್ಮ ಮನೆ ಊರಿನ ಅಂಚಿಗಿದೆ. ಹಿತ್ತಲ ಗೋಡೆ ಮುಗಿದಲ್ಲಿಂದ ಹಾಸುಬಂಡೆ ಶುರು. ಅದರ ಮೇಲೆ ನಾವು ಹಪ್ಪಳ, ಸಂಡಿಗೆ ಒಣಗಿಸುತ್ತಿದ್ದೆವು. ಒಂದು ವರ್ಷ ಸರ್ಕಾರದವರು ಬಂದು ಅಲ್ಲಿ ಬಚ್ಚಲಿನಷ್ಟು ಸಣ್ಣ ಕೋಣೆ ಕಟ್ಟಿಸಿದರು. ಒಳಗೆ ಬಂಡೆಯಲ್ಲಿ ಕುಣಿ ಕೊರೆದು ಏನನ್ನೋ ಇಟ್ಟು ಬೀಗ ಹಾಕಿದರು. ಮಾಳಿಗೆಯ ಮೇಲೆ ಬಿಳಿ ಅಣಬೆಯಂಥದ್ದೊಂದನ್ನು ನಿಲ್ಲಿಸಿದರು. ಅದನ್ನೆಲ್ಲ ನೋಡಿಕೊಳ್ಳಲು ಬಂದವರೇ ಸಾಹೇಬರು. ಮೈಸೂರು ಕಡೆಯ ಮಾತು, ನಡುವಯಸ್ಸು, ಪಕ್ಕದ ತಗಡಿನ ಕೋಣೆಯಲ್ಲಿ ಒಬ್ಬರೇ ವಾಸ.

ಓಣಿಗೆ ಸಂಶಯ ಹತ್ತಲು ಇಷ್ಟು ಸಾಕಾಯಿತು. ನಿಧಿ ತೆಗೆಯಲು ಬಂದಿದ್ದಾರೆ ಎಂದು ಕೆಲವರು, ಹೊಲಗಳನ್ನು ಗಣಿಗೆ ಹಿಡಿಯಲು ಬಂದಿದ್ದಾರೆ ಎಂದು ಕೆಲವರು. ಆ ಕೋಣೆಯ ಬಾಗಿಲು ಮಾಡಿಕೊಟ್ಟಿದ್ದೇ ಭಾಯಿ. ಅವನಂತೂ ಆಣೆ ಮಾಡಿ ಹೇಳುತ್ತಿದ್ದ: "ಇಷ್ಟ ದಪ್ಪ ಕಬ್ಬಿಣದ ಬಾಗಲಾ ಬರೇ ಕಲ್ಲಿಗೆ ಯಾರರ ಹಚ್ಚಸ್ತಾರೇನ್ರಿ? ಒಳಗ ಏನೋ ಐತ್ರೀ."

ಸಾಹೇಬರು ನಮ್ಮ ಮನೆಯ ಎಮ್ಮೆ ಹಾಲು ಒಯ್ಯುತ್ತಿದ್ದರು. ಹೊಸತರಲ್ಲಿ ಒಂದು ಬೆಳಿಗ್ಗೆ ಪಾತ್ರೆ ಮುಂದೆ ಮಾಡಿ ಕೇಳಿದರು, "ಅಮ್ಮಾ, ನಿನ್ನೆ ಮಧ್ಯಾಹ್ನ ಮನೇಲಿ ಏನಾದ್ರೂ ಕುಟ್ತಾ ಇದ್ರಾ?"

ಹಾಲು ಹೊಯ್ಯುತ್ತಿದ್ದವಳು ಅಲ್ಲಿಗೇ ನಿಲ್ಲಿಸಿದೆ. ಶೇಂಗಾ ಚಟ್ನಿ ಕುಟ್ಟಿದ್ದು ನಿಜ. ಆದರೆ ಆ ಹೊತ್ತಿನಲ್ಲಿ ಅವರು ಊರಲ್ಲೇ ಇರಲಿಲ್ಲ. ಕುಷ್ಟಗಿಯ ಬಸ್ಸು ಹತ್ತಿದ್ದನ್ನು ನಾನೇ ಕಣ್ಣಾರೆ ನೋಡಿದ್ದೆ.

ಅವರು ಹೋದದ್ದೇ ತಡ, ಅತ್ತೆ ನನ್ನ ರಟ್ಟೆ ಹಿಡಿದು ಒಳಗೆ ಎಳೆದುಕೊಂಡರು. "ನೋಡಿದೇನ? ಆ ಬಿಳಿ ನಾಯಿಕೊಡಿ ಐತೆಲ್ಲ, ಅದ ಕೇಳಿಸ್ಕೊಳ್ಳೋದು. ಇವತ್ತ ಒನಕಿ ಸಪ್ಪಳ ಕೇಳೈತಿ, ನಾಳಿ ನಮ್ಮ ಮಾತ ಕೇಳತೈತಿ. ಬಾಯಿ ಸಣ್ಣಗ ಮಾಡ್ಕೋ."

ಅಂದಿನಿಂದ ನಮ್ಮಿಬ್ಬರ ಜಗಳಗಳೂ ಪಿಸುದನಿಯಲ್ಲೇ ನಡೆದವು. ಪಿಸುದನಿಯಲ್ಲಿ ಬಹಳ ಹೊತ್ತು ಜಗಳವಾಡಲು ಬರುವುದಿಲ್ಲ, ಒಬ್ಬರಿಗಾದರೂ ನಗು ಬಂದುಬಿಡುತ್ತದೆ. ಅದನ್ನೂ ನಾನು ದೇವರು ಕೊಟ್ಟ ಸಣ್ಣ ಕೃಪೆಗಳಲ್ಲಿ ಸೇರಿಸಿಕೊಂಡೆ.

ಒಂದು ಸಂಜೆ ಅತ್ತೆ ಕಟ್ಟೆಯ ಮೇಲೆ ಹಳೆಯ ಸೀರೆಗಳ ಕೌದಿ ಹಾಸಿಕೊಂಡು ಹೊಲಿಯುತ್ತಿದ್ದಾಗ ಸಾಹೇಬರು ಹಾಲಿಗೆ ಬಂದರು. ಅತ್ತೆ ಕೇಳಿಯೇಬಿಟ್ಟರು. "ಖರೇ ಹೇಳ್ರಿ ಸಾಹೇಬ್ರ, ಆ ಕುಣ್ಯಾಗ ಏನ್ ಹುಗದೀರಿ?"

ಅವರು ನಕ್ಕರು. ಅದು ನೆಲದ ಅದುರನ್ನು ಹಿಡಿಯುವ ಯಂತ್ರ, ಮಾತು ಅದಕ್ಕೆ ಕೇಳುವುದಿಲ್ಲ, ಮಾಳಿಗೆಯ ಮೇಲಿನ ಅಣಬೆ ಗಂಟೆ ಸರಿಯಾಗಿ ತಿಳಿಯಲಷ್ಟೇ, ತಾವು ಊರಲ್ಲಿ ಇಲ್ಲದಿದ್ದರೂ ಯಂತ್ರ ತನ್ನಷ್ಟಕ್ಕೆ ಗೆರೆ ಬರೆದಿಡುತ್ತದೆ ಎಂದರು. ಆಮೇಲೆ ಭೂಮಿಯ ಸಂಗತಿ ಹೇಳಿದರು. ಭೂಮಿಯ ಮೇಲ್ಪದರ ಇಡಿಯಾಗಿ ಒಂದೇ ಇಲ್ಲವಂತೆ. ಮನೆಗೆ ಫರ್ಸಿ ಹಾಸಿದ ಹಾಗೆ ದೊಡ್ಡ ದೊಡ್ಡ ಚಪ್ಪಡಿಗಳು. ಪುಸ್ತಕದಲ್ಲಿ ಫಲಕ ಅನ್ನುತ್ತಾರಂತೆ. ದೇಶ, ಸಮುದ್ರ ಎಲ್ಲ ಅವುಗಳ ಬೆನ್ನ ಮೇಲೆ. ಕೆಳಗೆ ಆಳದ ಕಲ್ಲು ಕಾವಿಗೆ ಮೆತ್ತಗಾಗಿ ಕಣ್ಣಿಗೆ ಕಾಣದಷ್ಟು ನಿಧಾನ ಹರಿಯುತ್ತದೆ, ಮೇಲಿನ ಚಪ್ಪಡಿಗಳೂ ಸರಿಯುತ್ತವೆ. ಎಷ್ಟು ನಿಧಾನವೆಂದರೆ ನಮ್ಮ ಉಗುರು ಬೆಳೆಯುವಷ್ಟು. ನಮ್ಮ ಚಪ್ಪಡಿ ಉತ್ತರಕ್ಕೆ ಸರಿದು ಅಲ್ಲಿಯ ಇನ್ನೊಂದನ್ನು ಒತ್ತುತ್ತಿದೆ…

ಹೇಳುತ್ತ ಹೇಳುತ್ತ ಹುರುಪಿನಲ್ಲಿ ಕೌದಿಯ ಅಂಚನ್ನು ಪಾದದಿಂದ ಗೋಡೆಯತ್ತ ನೂಕಿದರು. ಅದು ಗೋಡೆಗೆ ತಾಗಿ ಮಡಿಕೆ ಮಡಿಕೆಯಾಗಿ ಮೇಲೆದ್ದಿತು. "ನೋಡಿ, ಹಿಮಾಲಯ ಎದ್ದಿದ್ದು ಹೀಗೆ."

"ಹಿಮಾಲಯ ಇರ್ಲಿ, ಕೌದಿಗೆ ಕಾಲ ಹಚ್ಚತಾರೇನ್ರಿ?" ಅತ್ತೆ ಸೂಜಿ ಎತ್ತಿ ಹಿಡಿದರು. ಸಾಹೇಬರು ಗಾಬರಿಯಾಗಿ ಕೌದಿಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು.

ಅತ್ತೆಗೆ ಆಗಲೇ ಯಾತ್ರೆಯ ಹಂಬಲ. ಸೂಜಿಯನ್ನು ಕೌದಿಗೆ ಚುಚ್ಚಿಟ್ಟು ಅಂದರು, "ಹಂಗಾದ್ರ ನಮ್ಮ ಮನಿ ತಾನಾ ಕಾಶಿ ಕಡಿ ಹೊಂಟೈತಿ ಅನ್ರಿ. ಮತ್ತ ನಾ ಯಾಕ ಬಸ್ಸಿನಾಗ ಮೈ ನೋಯಿಸ್ಕೊಳ್ಳಲಿ?"

"ಕಾಶೀನೂ ನಮ್ಮ ಚಪ್ಪಡಿ ಮೇಲೇ ಇದೆ ಅಮ್ಮಾ. ನಾವು ಸರಿದಷ್ಟು ಅದೂ ಸರಿಯತ್ತೆ."

"ನೋಡ, ಇದರಾಗೂ ಏನೋ ಮೋಸ ಐತಿ," ಎಂದು ಅತ್ತೆ ನನ್ನ ಕಡೆ ತಿರುಗಿ ಕಣ್ಣು ಮಿಟುಕಿಸಿದರು.

ಒತ್ತಡ ವರ್ಷಗಟ್ಟಲೆ ಕೂಡಿಕೊಂಡು ಒಂದು ದಿನ ಚಪ್ಪಡಿಗಳು ಒತ್ತಿಕೊಂಡ ಅಂಚು ಗಕ್ಕನೆ ಜಾರುತ್ತದಂತೆ. ಅದೇ ಭೂಕಂಪ. ನಾವಿರುವುದು ಚಪ್ಪಡಿಯ ನಡುವಿನ ಹಳೆಯ ಗಟ್ಟಿ ಬಂಡೆ; ಇಲ್ಲಿ ಅಲುಗುವುದೇ ಇಲ್ಲವೆಂದಲ್ಲ, ಅಪರೂಪ. ಹಾಗಾದರೆ ಇಲ್ಲೇಕೆ ಯಂತ್ರ ಎಂದು ನಾನು ಕೇಳಿದೆ. ಗದ್ದಲವಿಲ್ಲದ ಕಡೆ ಕುಳಿತರೆ ದೂರದ್ದು ಚೆನ್ನಾಗಿ ಕೇಳುತ್ತದೆ, ಇಲ್ಲಿ ಇರುವ ಗದ್ದಲವೆಂದರೆ ನಿಮ್ಮ ಒನಕೆ ಒಂದೇ ಎಂದರು. ಅಂದಿನಿಂದ ಕುಟ್ಟುವ ಮೊದಲು ಗೋಡೆಯಾಚೆ ಕೂಗಿ ಹೇಳುವುದು ರೂಢಿಯಾಯಿತು: "ಸಾಹೇಬ್ರ, ಕುಟ್ಟಾಕ ಹತ್ತೀನ್ರಿ!"

ಇಷ್ಟಾದರೂ ನನ್ನ ಅನುಮಾನ ಪೂರ್ತಿ ಹೋಗಲಿಲ್ಲ. ಆ ಬಾಗಿಲನ್ನು ಅವರು ಯಾರೆದುರೂ ತೆರೆಯುತ್ತಿರಲಿಲ್ಲ. ಮಾತಿನಲ್ಲೂ ಅಷ್ಟೇ, ತಮಗೆ ತಿಳಿದಷ್ಟನ್ನು ಮಾತ್ರ ಆಡುವವರು. ಮಳೆ ಬಂದೀತೇ ಎಂದು ಕೇಳಿದರೆ "ನನ್ನ ಯಂತ್ರ ಅದನ್ನ ಹೇಳಲ್ಲಮ್ಮಾ" ಎನ್ನುತ್ತಿದ್ದರು. ಇಷ್ಟು ಅಳೆದು ಮಾತಾಡುವವರ ಹೊಟ್ಟೆಯಲ್ಲಿ ಇನ್ನೆಷ್ಟು ಇದೆಯೋ ಎಂದೇ ನನಗೆ ಅನಿಸುತ್ತಿತ್ತು.

ಆ ಬೇಸಿಗೆಯಲ್ಲಿ ಅತ್ತೆ ಓಣಿಯ ಹೆಂಗಸರೊಡನೆ ಯಾತ್ರೆಯ ಬಸ್ಸು ಹತ್ತಿದರು. ಕಾಶಿ ಮುಗಿಸಿ, ಗಡಿ ದಾಟಿ, ನೇಪಾಳದ ಪಶುಪತಿನಾಥನ ದರ್ಶನಕ್ಕೆ.

ಅದೊಂದು ಶನಿವಾರ. ಮಾರುತಿಗೆ ದೀಪ ಹಚ್ಚಿ, ಗೋಡೆಯಾಚೆ ಕೂಗಿ ಹೇಳಿ, ವರ್ಷದ ಖಾರ ಕುಟ್ಟಲು ನಿಂತಿದ್ದೆ. ಮಧ್ಯಾಹ್ನದ ಹೊತ್ತು. ಸಾಹೇಬರು ಕಾದ ಬಂಡೆಯ ಮೇಲೆ ಬರಿಗಾಲಲ್ಲಿ ಓಡಿ ಬಂದರು.

"ಅಮ್ಮಾ, ನಿಲ್ಸಿ! ಕುಟ್ಟೋದು ನಿಲ್ಸಿ!"

"ಹೇಳೇ ಶುರು ಮಾಡೀನಲ್ರೀ ಸಾಹೇಬ್ರ, ಇನ್ನೇನ?" ಎಂದೆ ಸಿಟ್ಟಿನಿಂದ. ಅವರು ಬಂದ ಹಾಗೇ ಓಡಿದರು. ಒನಕೆ ಒರಗಿಸಿ ನಾನೂ ಬೆನ್ನು ಹತ್ತಿದೆ.

ಬಾಗಿಲು ತೆರೆದಿತ್ತು. ಒಳಗೆ ನಿಧಿಯೂ ಇಲ್ಲ, ಏನೂ ಇಲ್ಲ. ಒಂದು ಸಣ್ಣ ಪರದೆ, ಅದರ ಮೇಲೆ ಹುಚ್ಚು ಹಿಡಿದಂತೆ ಮೇಲೆ ಕೆಳಗೆ ಕುಣಿಯುವ ಗೆರೆ. ನನ್ನ ಒನಕೆ ನಿಂತಿತ್ತು, ಗೆರೆ ನಿಲ್ಲಲಿಲ್ಲ. ಬಗ್ಗಿ ಬಂಡೆಗೆ ಅಂಗೈ ಹಚ್ಚಿ ನೋಡಿದೆ. ಕಾದಿತ್ತು, ಅಷ್ಟೇ. ನಮ್ಮ ಎಮ್ಮೆ ತಲೆ ಎತ್ತದೆ ಮೆಲುಕು ಹಾಕುತ್ತಿತ್ತು. ನೆಲ ಸುಳ್ಳು ಹೇಳುತ್ತಿದೆಯೋ, ಯಂತ್ರ ಸುಳ್ಳು ಹೇಳುತ್ತಿದೆಯೋ ತಿಳಿಯದೆ ನಿಂತೆ.

"ಅತ್ತೆಯವರು ಇವತ್ತು ಎಲ್ಲಿರ್ತಾರೆ?" ತಿರುಗಿ ನೋಡದೆಯೇ ಕೇಳಿದರು.

"ಪಶುಪತಿನಾಥಕ್ಕ ಮುಟ್ಟಿರಬೇಕ್ರಿ. ಯಾಕ್ರೀ?"

ಅವರು ಫೋನು ಕಿವಿಗಿಟ್ಟುಕೊಂಡು ಬಾಗಿಲು ಮುಂದಕ್ಕೆ ನೂಕಿದರು. ನನ್ನ ಮುಖದೆದುರೇ ಅದು ಮುಚ್ಚಿತು…

ಉಳಿದದ್ದನ್ನು ಭಾಯಿಯ ಅಂಗಡಿಯ ಟೀವಿ ಹೇಳಿತು. ನೇಪಾಳದಲ್ಲಿ ಭೂಮಿ ನಡುಗಿದೆ. ಮನೆಗಳು, ಗುಡಿಗಳು ಬಿದ್ದಿವೆ. ಅತ್ತೆಯ ಫೋನು ಹತ್ತಲಿಲ್ಲ, ಜೊತೆಗಿದ್ದವರದೂ ಹತ್ತಲಿಲ್ಲ. ನಮ್ಮ ಯಜಮಾನರು ಬಸ್ಸಿನ ಮಾಲೀಕರನ್ನು ಹುಡುಕಿಕೊಂಡು ಹೋದರು. ಅಂಗಳದಲ್ಲಿ ಓಣಿಯೇ ನೆರೆಯಿತು. ಆ ಮಷೀನಿಗೆ ಮೊದಲೇ ಗೊತ್ತಿತ್ತು, ಹೇಳಲಿಲ್ಲ ಎಂದು ಒಬ್ಬರು. ಬಂಡೆ ಕೊರೆದದ್ದಕ್ಕೇ ಹೀಗಾಯಿತು ಎಂದು ಇನ್ನೊಬ್ಬರು. ನಾನು ಯಾರಿಗೂ ಎದುರು ಹೇಳಲಿಲ್ಲ. ಅತ್ತೆ ಎಲ್ಲಿದ್ದಾರೆಂದು ಅವರೇಕೆ ಕೇಳಿದರು? ಕೇಳಿ ಬಾಗಿಲೇಕೆ ಮುಚ್ಚಿದರು? ಅವರಿಗೆ ಏನೋ ತಿಳಿದಿದೆ, ಮುಚ್ಚಿಡುತ್ತಿದ್ದಾರೆ ಎಂಬುದೊಂದೇ ತಲೆಯಲ್ಲಿ ಕೊರೆಯುತ್ತಿತ್ತು.

ದೀಪ ಹಚ್ಚುವ ಹೊತ್ತಿಗೆ ಸಾಹೇಬರು ಬಂದರು. ಎಂದೂ ಹೊಸ್ತಿಲು ದಾಟದವರು ಅಂದು ದೇವರ ಜಗುಲಿಯ ತನಕ ಬಂದು ನಿಂತರು. ಮಕ್ಕಳು ಉಣ್ಣದೆ ಮೂಲೆಯಲ್ಲಿ ಕುಳಿತಿದ್ದವು.

"ಯಂತ್ರ ನೋಡ್ಕೊಂಡು ಬಂದೆ. ಅತ್ತೆಯವರಿರೋ ಕಡೆ ನೆಲ ಅಷ್ಟು ಬಡಿದಿಲ್ಲಮ್ಮಾ. ಮಕ್ಕಳಿಗೆ ಊಟ ಹಾಕಿ, ನೀವೂ ಊಟ ಮಾಡಿ."

"ಮಷೀನಿಗೆ ಅಷ್ಟೆಲ್ಲಾ ಗೊತ್ತಾಗತೈತೇನ್ರಿ?"

"ಗೊತ್ತಾಗತ್ತೆ," ಎಂದರು. ನನ್ನ ಮುಖ ನೋಡಲಿಲ್ಲ, ದೀಪವನ್ನೇ ನೋಡುತ್ತಿದ್ದರು.

ನಾನು ನಂಬಿದೆ. ಅಳೆದು ಮಾತಾಡುವ ಮನುಷ್ಯನಲ್ಲವೇ! ಮಕ್ಕಳಿಗೆ ರೊಟ್ಟಿ ಬಡಿದು ಹಾಕಿದೆ. ನಾನೂ ಎರಡು ತುತ್ತು ತಿಂದೆ.

ಮರುದಿನ ಯಾರದೋ ಫೋನಿನಿಂದ ಅತ್ತೆಯ ದನಿ ಕೇಳಿತು. ಅಡುಗೆಯವರು ದಾರಿ ಬದಿಯ ಬಯಲಿನಲ್ಲಿ ಬಸ್ಸು ನಿಲ್ಲಿಸಿ ಒಲೆ ಹೂಡಿದ್ದರಂತೆ. ಬೇಳೆ ಬೇಯಲು ತಡವಾಗಿ ಎಲ್ಲರೂ ಬಯಲಿನಲ್ಲೇ ಇದ್ದುದರಿಂದ ಉಳಿದರು. ಇಳಿದುಕೊಳ್ಳಬೇಕಿದ್ದ ಛತ್ರದ ಗೋಡೆಯೇ ಬಿದ್ದಿತ್ತು. "ಕುದಿಯೋ ಬ್ಯಾಳಿ ಎಲ್ಲಾ ಮಣ್ಣಪಾಲಾತವಾ," ಎಂದು ಅತ್ತೆ ಮೊದಲು ಅತ್ತದ್ದು ಬೇಳೆಗಾಗಿ. ಆಮೇಲೆ, "ಆ ನಡುಕದವ್ರಿಗೆ ಹೇಳು, ಕೌದಿ ಮಡಚ್ಕೊಂತು ಅಂತ." ಬೇಳೆ ಬೇಯುವುದು ತಡವಾದದ್ದನ್ನು ನಾನು ಇಂದಿಗೂ ಪೂಜೆಯ ಹೊತ್ತಿಗೆ ನೆನೆಯುತ್ತೇನೆ.

ಊರಿಗೆ ಬಂದ ಮೇಲೆ ಅತ್ತೆ ಪ್ರಸಾದ ಕೊಡುತ್ತ ಕೇಳಿದರು. "ನಿಮ್ಮ ಮಷಿನ್ಯಾಗ ನಾ ಬಯಲಾಗ ಕುಂತದ್ದು ಕಂಡಿತ್ತೇನ್ರಿ?" ಸಾಹೇಬರು ಪ್ರಸಾದ ಬಾಯಿಗೆ ಹಾಕಿಕೊಂಡು, ಈ ವರ್ಷದ ಖಾರ ಪೂರ್ತಿ ಆಯಿತೇ ಎಂದು ನನ್ನನ್ನು ಕೇಳಿದರು. ನನ್ನ ಹಳೆಯ ಅನುಮಾನ ಮತ್ತೆ ತಲೆ ಎತ್ತಿದ್ದು ಆಗ.

ಮುಂದೆ ಅವರಿಗೆ ವರ್ಗವಾಯಿತು. ಯಂತ್ರ ಬಿಚ್ಚಿ ಒಯ್ಯಲು ಬೇರೊಬ್ಬರು ಬಂದರು. ಅಂದು ನೇಪಾಳದಲ್ಲಿ ಅತ್ತೆ ಇದ್ದ ಕಡೆಯ ನೆಲ ಇದರಲ್ಲಿ ಕಂಡಿತ್ತೇ ಎಂದು ಚಹಾ ಕೊಡುತ್ತ ಅವರನ್ನು ಸುಮ್ಮನೆ ಕೇಳಿದೆ. ಅವರು ನಕ್ಕುಬಿಟ್ಟರು. ಇಲ್ಲಿಂದ ಭೂಕಂಪ ಎಷ್ಟು ದೂರದ್ದು, ಎಷ್ಟು ದೊಡ್ಡದು ಎಂಬ ಅಂದಾಜು ಸಿಗುತ್ತದೆ. ಅಲ್ಲಿ ಯಾರ ಕಾಲ ಕೆಳಗಿನ ನೆಲ ಎಷ್ಟು ಬಡಿಯಿತು, ಯಾರು ಉಳಿದರು ಎಂದು ಹೇಳುವ ಯಂತ್ರ ಇದಲ್ಲ ಎಂದರು.

ಸಾಹೇಬರ ಪ್ರತಿ ಮಾತನ್ನೂ ಸಂಶಯದಿಂದ ಕೇಳಿದ್ದ ನಾನು, ಆ ಸಂಜೆಯ ಮಾತೊಂದನ್ನು ಸಂಶಯಪಡದೆ ನುಂಗಿದ್ದೆ. ಸುಳ್ಳೇ ಹೇಳಿದರೇ? ಇಲ್ಲಾ, ಬೇರೆ ಯಾರಿಂದಲೋ ಸುದ್ದಿ ತಿಳಿದಿತ್ತೇ? ಅಕಸ್ಮಾತ್ ಅತ್ತೆ ಬಾರದೇ ಹೋಗಿದ್ದರೆ ಅವರು ನನಗೆ ಯಾವ ಮುಖ ತೋರಿಸುತ್ತಿದ್ದರು…

ಇಂದು ಭಾಯಿ ಅಂಗಡಿಗೆ ಮರಳಿದ ಮೇಲೆ ಅತ್ತೆಯ ಕಿವಿಯ ಹತ್ತಿರ ಬಗ್ಗಿ ಗಟ್ಟಿಯಾಗಿ ಸುದ್ದಿ ಹೇಳಿದೆ. ಈಗ ಅವರಿಗೆ ಕಿವಿ ಮಂದ. "ಒಂದ ಮಾತ ಕೇಳಬೇಕಿತ್ತ ಅತ್ತಿ. ಅವತ್ತ ನನಗ ಸುಳ್ಳ ಹೇಳಿದ್ರೇನು ಅಂತ."

ಅತ್ತೆ ತೊಟ್ಟು ಮುರಿಯುವುದನ್ನು ನಿಲ್ಲಿಸಲಿಲ್ಲ. "ಕೇಳಲಿಲ್ಲ, ಛಲೋ ಮಾಡಿದಿ. ಕೇಳಿದ್ರ ಪಾಪ, ಖರೇ ಹೇಳಬೇಕಾಗ್ತಿತ್ತ ಅವರಿಗೆ."

ಸ್ವಲ್ಪ ಹೊತ್ತಿನ ಮೇಲೆ ಖಾರದ ಕೈಯೆಂಬುದನ್ನು ಮರೆತು ಕಣ್ಣು ಒರೆಸಿಕೊಂಡರು. ಆಮೇಲೆ ಹರಿದ ನೀರು ಖಾರದ್ದೋ ಏನೋ, ನಾನು ಕೇಳಲಿಲ್ಲ. ತಂಬಿಗೆಯಲ್ಲಿ ನೀರು ತಂದು ಕಣ್ಣು ತೊಳೆಸಿದೆ.

ಈಗ ಖಾರವೆಲ್ಲ ಗಿರಣಿಗೆ ಹೋಗುತ್ತದೆ. ಅತ್ತೆಗೆಂದು ಒಂದಿಷ್ಟನ್ನು ಮಾತ್ರ ಮನೆಯಲ್ಲೇ ಕುಟ್ಟುತ್ತೇನೆ. ಕಾಯಿಯನ್ನು ಒಳಕಲ್ಲಿಗೆ ಸುರಿದೆ. ಹಿತ್ತಲಾಚೆ ಕೋಣೆಯಿಲ್ಲ, ಬಂಡೆಯಲ್ಲಿ ತುಕ್ಕು ಹಿಡಿದ ಬೋಲ್ಟುಗಳಷ್ಟೇ ಉಳಿದಿವೆ.

"ಸಾಹೇಬ್ರ, ಕುಟ್ಟಾಕ ಹತ್ತೀನ್ರಿ," ಎಂದು ಆ ಕಡೆ ಒಂದು ಸಲ ಕೂಗಿ ಹೇಳಿ, ಒನಕೆ ಎತ್ತಿದೆ.