ಪೋರ್ಚಿನ ಮೂರನೇ ಕಲ್ಲು

ಪಕ್ಕದ ಮನೆಯವರು ಅಡುಗೆಮನೆಯ ನೆಲಕ್ಕೆ ಹೊಸ ಫರ್ಸಿ ಕಲ್ಲು ಹಾಕಿಸುತ್ತಿದ್ದಾರೆ. ಕಲ್ಲು ಕೊರೆಯುವ ಮಷೀನು ಬೆಳಗ್ಗೆ ಒಂಬತ್ತಕ್ಕೆ ಬಾಯಿ ತೆಗೆದರೆ ಮಧ್ಯಾಹ್ನದ ಊಟದ ತನಕ ಮುಚ್ಚುವುದಿಲ್ಲ. ಸದ್ದನ್ನು ಹೇಗೋ ತಡೆದುಕೊಳ್ಳಬಹುದು, ವಾಸನೆಯನ್ನು ಆಗುವುದಿಲ್ಲ. ಬಿಸಿಯಾದ ಕಲ್ಲಿನ ಮೇಲೆ ನೀರು ಬಿದ್ದಾಗ ಏಳುವ ಆ ಹಸಿ ವಾಸನೆ, ಅತ್ತ ಸುಣ್ಣದ್ದೂ ಅಲ್ಲ, ಇತ್ತ ಮಣ್ಣಿನದ್ದೂ ಅಲ್ಲ. ಶಹಾಬಾದ, ವಾಡಿ, ಚಿತ್ತಾಪುರದ ಕಡೆ ಹುಟ್ಟಿ ಬೆಳೆದವರಿಗೆ ಇದೇನು ಹೊಸದಲ್ಲ. ನಮ್ಮ ನೆಲ, ಗೋಡೆ, ತಲೆ ಮೇಲಿನ ಮಾಳಿಗೆ, ಬಚ್ಚಲು ಎಲ್ಲ ಅದೇ ಕಲ್ಲು. ಆದರೂ ನಾನು ಕಿಟಕಿ ಮುಚ್ಚಿಕೊಂಡು ಕೂತೆ. ಆ ವಾಸನೆ ಬಂದರೆ ನನಗೆ ಗೌಂಡಿ ಕಾಕಾ ನೆನಪಾಗುತ್ತಾರೆ... ಕಲ್ಲು ಬಾರಿಸಿ ನನ್ನ ಮುಖ ನೋಡುತ್ತಿದ್ದ ಅವರ ಕಣ್ಣು ನೆನಪಾಗುತ್ತದೆ.

ಹನ್ನೊಂದು ವರ್ಷದ ಹಿಂದಿನ ಮಾತು. ಚಿತ್ತಾಪುರದ ಈ ಮನೆ ಕಟ್ಟಿ ಆಗಲೇ ನಾಲ್ಕು ವರ್ಷವಾಗಿತ್ತು, ಬಾಗಿಲ ಮುಂದೆ ಮಾತ್ರ ನೆರಳಿರಲಿಲ್ಲ. ಬೇಸಿಗೆಯಲ್ಲಿ ಹೊಸ್ತಿಲ ಮೇಲೆ ಕಾಲಿಟ್ಟರೆ ಚುರ್ ಎನ್ನುತ್ತಿತ್ತು. ನಮ್ಮ ಅತ್ತೆಗೆ ಮನೆಯೊಳಗೆ ಕೂತರೆ ಉಸಿರು ಕಟ್ಟುತ್ತಿತ್ತು, ಹೊರಗೆ ಕೂತರೆ ಬಿಸಿಲು. ಒಂದು ಪೋರ್ಚ್ ಆಗಲೇಬೇಕೆಂದು ಅವರು ವರ್ಷವಿಡೀ ನನ್ನ ಕಿವಿ ತಿಂದರು. ನನ್ನ ಗಂಡ ವಾಡಿಯಲ್ಲಿ ರೈಲ್ವೆ ನೌಕರಿ ಮಾಡುತ್ತಿದ್ದರು. ಡ್ಯೂಟಿ, ನಿದ್ದೆ ಎರಡು ಬಿಟ್ಟು ಮೂರನೆಯದಕ್ಕೆ ತಲೆ ಹಾಕಿದವರಲ್ಲ. ಎಲ್ಲ ನನ್ನ ಮೇಲೆ ಬಿತ್ತು. ಬಿದ್ದದ್ದು ನನಗೆ ಇಷ್ಟವೇ ಆಗಿತ್ತೆಂದು ಒಪ್ಪಿಕೊಳ್ಳುತ್ತೇನೆ. ನಾನು ಗಣಿತದ ಟೀಚರು. ಮಕ್ಕಳ ನೋಟ್‌ಬುಕ್ಕಿನ ಹಾಗೆ ಊರೆಲ್ಲವನ್ನೂ ಕೆಂಪು ಪೆನ್ನಿನಲ್ಲಿ ತಿದ್ದಬೇಕೆಂಬ ಚಟ ನನಗಿತ್ತು.

ಕಲಬುರಗಿಯಿಂದ ಬಂದ ಗುತ್ತಿಗೆದಾರ ಸಿಮೆಂಟಿನ ಸ್ಲ್ಯಾಬಿಗೆ ಕೊಟ್ಟ ಅಂದಾಜು ನೋಡಿ ನನಗೆ ನಗು ಬಂತು. ಅಷ್ಟು ದುಡ್ಡಿಗೆ ಇನ್ನೊಂದು ಕೋಣೆಯೇ ಏಳುತ್ತಿತ್ತು. ತಗಡು ಹಾಕಿದರೆ ಕೆಳಗೆ ರೊಟ್ಟಿ ಬೇಯಿಸಬಹುದು. ಉಳಿದದ್ದು ನಮ್ಮ ಕಡೆಯ ಹಳೇ ಪದ್ಧತಿ. ಮನೆಯ ಗೋಡೆಯಿಂದ ಎದುರಿನ ಕಬ್ಬಿಣದ ಗರ್ಡರಿಗೆ ಉದ್ದನೆಯ ಕಲ್ಲು ಹಾಸಿ, ಮೇಲೆ ಸಂದು ಮುಚ್ಚಿ ಸಿಮೆಂಟಿನ ಗಿಲಾಯಿ ಬಳಿಯುವುದು. ಏಳು ಕಲ್ಲು ಸಾಕಾಗುತ್ತಿತ್ತು. ಹೊಸ ನೋಟ್‌ಬುಕ್ ತೆಗೆದು ಕಲ್ಲು, ಗರ್ಡರ್, ಸಿಮೆಂಟು, ಕೂಲಿ, ಚಹಾ ಅಂತ ಗೆರೆ ಹೊಡೆದು ಬರೆದೆ. ಶ್ರಾವಣದ ಎರಡನೇ ಸೋಮವಾರ ಹೊಸ ಪೋರ್ಚಿನಲ್ಲಿ ಸ್ವಾಮಿಗಳ ಪಾದಪೂಜೆ ಎಂದು ಅತ್ತೆ ಊರಿಗೆಲ್ಲ ಹೇಳಿ ಬಂದರು. ಕೆಲಸ ಶುರುವಾಗುವ ಮೊದಲೇ ಮುಗಿಯುವ ದಿನ ಗೊತ್ತಾಗಿಬಿಟ್ಟಿತ್ತು.

ಯಾರಿಗೆ ಕೊಡಬೇಕು ಎಂಬ ಪ್ರಶ್ನೆಯೇ ಬರಲಿಲ್ಲ. ಭಂಕೂರಿನ ಗೌಂಡಿ ಕಾಕಾ ಇದ್ದರಲ್ಲ. ಅವರಿಗೆ ಆಗ ಅರವತ್ತು ದಾಟಿರಬೇಕು. ಹರೆಯದಲ್ಲಿ ಶಹಾಬಾದಿನ ಖಣಿಗಳಲ್ಲಿ ಮದ್ದಿಟ್ಟು ಕಲ್ಲು ಒಡೆದವರು, ಆಮೇಲೆ ಕರಣಿ ಹಿಡಿದು ಮನೆ ಕಟ್ಟುವ ಗೌಂಡಿಯಾದವರು. ಸುತ್ತಲಿನ ಎಷ್ಟೋ ಮನೆಗಳ ಮಾಳಿಗೆ ಅವರ ಕೈಯದ್ದು. ಅವರದೊಂದು ಪದ್ಧತಿಯಿತ್ತು. ತಲೆಯ ಮೇಲೆ ಹೋಗುವ ಕಲ್ಲನ್ನು ಮೊದಲು ಗೋಡೆಗೆ ಆನಿಸಿ ನಿಲ್ಲಿಸುವರು. ಸುತ್ತಿಗೆಯಿಂದ ಮೇಲೆ, ನಡುವೆ, ಕೆಳಗೆ ಮೂರು ಕಡೆ ಬಾರಿಸುವರು. ಗಟ್ಟಿ ಕಲ್ಲು ಗಂಟೆಯ ಹಾಗೆ ಠಣ್ ಎನ್ನಬೇಕು. ಒಳಗೆಲ್ಲೋ ಕಣ್ಣಿಗೆ ಕಾಣದ ಸೀಳಿದ್ದರೆ ದನಿ ಒಡೆದ ಮಡಕೆಯದಾಗುತ್ತದೆ. ಪಾಸಾದ ಕಲ್ಲಿಗೆ ಸುಣ್ಣದಲ್ಲಿ ಒಂದು ಗೀಟು ಎಳೆಯುವರು. ಗೀಟಿಲ್ಲದ ಕಲ್ಲು ಮೇಲೆ ಹೋಗುವಂತಿಲ್ಲ, ಮನೆ ಯಜಮಾನ ಕಾಲಿಗೆ ಬಿದ್ದರೂ ಹೋಗುವಂತಿಲ್ಲ.

ನಮ್ಮ ಮನೆಗೆ ಇಬ್ಬರು ಕೂಲಿಯವರನ್ನು ಕರೆದುಕೊಂಡು ಬಂದರು. ಅವರ ಕೆಲಸವಿದ್ದಲ್ಲೆಲ್ಲ ಹೆಂಡತಿಯೂ ಬಂದು ಸಿಮೆಂಟು ಕಲಸುವುದು ವಾಡಿಕೆ. ಈ ಸಲ ಕಾಕಿ ಬಂದಿರಲಿಲ್ಲ. ನಾನು ಕೇಳಿದ್ದು ಕಾಕಾಗೆ ತಿಳಿಯಲಿಲ್ಲವೇನೋ, ನಕ್ಕು ಸುಮ್ಮನಾದರು. ಮಿತಭಾಷಿ ಎಂದುಕೊಂಡೆ.

ಕಲ್ಲು ಮೇಲೇರಿಸುವ ದಿನ ಶನಿವಾರ. ಪೂಜೆಗೆ ಉಳಿದದ್ದು ಒಂದೇ ದಿನ. ಕೂಲಿಯವರು ಗರ್ಡರಿನ ಹತ್ತಿರ ಹತ್ತಿ ನಿಲ್ಲಲು ಅಟ್ಟ ಕಟ್ಟುತ್ತಿದ್ದರು, ಕಲ್ಲುಗಳ ಬಳಿ ನಾವಿಬ್ಬರೇ. ಕಾಕಾ ಮೊದಲ ಕಲ್ಲು ಬಾರಿಸಿ ತಿರುಗಿ ನನ್ನ ಮುಖ ನೋಡಿದರು. ಮನೆಯವಳೆಂದು ಮರ್ಯಾದೆ ಕೊಡುತ್ತಿದ್ದಾರೆ ಎಂದುಕೊಂಡು ಖುಷಿಯಿಂದ ತಲೆಯಾಡಿಸಿದೆ. ಗೀಟು ಬಿತ್ತು. ಎರಡನೆಯದಕ್ಕೂ ಹಾಗೆಯೇ. ಮೂರನೆಯ ಕಲ್ಲಿನ ಮೇಲ್ಗಡೆ ಠಣ್ ಎಂದಿತು. ನಡುವೆ ಬಾರಿಸಿದಾಗ ಬಂದ ದನಿ ಬೇರೆ. ಗೌಂಡಿಕೆಯ ಗಂಧವಿಲ್ಲದ ನನಗೂ ಅದು ಕೇಳಿಸಿತು, ಸತ್ತ ದನಿ. ಕಾಕಾರ ಮುಖದಲ್ಲಿ ಏನೂ ಬದಲಾಗಲಿಲ್ಲ. ಇನ್ನೊಮ್ಮೆ ಅಲ್ಲೇ ಬಾರಿಸಿ, ಸುಣ್ಣದ ಬೆರಳು ಎತ್ತಿ ಹಿಡಿದು, ನನ್ನ ಮುಖವನ್ನೇ ನೋಡುತ್ತ ನಿಂತರು.

ಆಗ ನನಗೆ ತಿಳಿಯಿತು. ಅವರಿಗೆ ಕಿವಿ ಕೇಳಿಸುತ್ತಿರಲಿಲ್ಲ.

ಅಷ್ಟು ಹೊತ್ತಿನಲ್ಲಿ ತಲೆಯೊಳಗೆ ಎಷ್ಟೆಲ್ಲ ಓಡಿತು... ಅಷ್ಟುದ್ದದ ಇನ್ನೊಂದು ಕಲ್ಲು ಖಣಿಯಿಂದ ಬರಬೇಕೆಂದರೆ ಮಂಗಳವಾರ. ಸೋಮವಾರ ಸ್ವಾಮಿಗಳು. ಅತ್ತೆಯ ಮುಖ. ನನ್ನ ನೋಟ್‌ಬುಕ್ಕಿನಲ್ಲಿ ಎಂಟನೆಯ ಕಲ್ಲಿಗೆ ಸಾಲೇ ಇರಲಿಲ್ಲ. ಜೊತೆಗೆ, ಇಂಥ ಹಿರಿಯರಿಗೆ ಕೂಲಿಯವರಿಗೂ ಕೇಳುವಂತೆ ಕೂಗಿ ‘ನಿಮಗೆ ಕೇಳಿಸಲಿಲ್ಲ’ ಎನ್ನುವುದು ಹೇಗೆ? ಇದನ್ನು ದಯೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ದಯೆಯಲ್ಲ, ಸೋಮವಾರ ಮುಖ್ಯವಾಗಿತ್ತು. ನಾನು ಹೂಂ ಎಂದು ತಲೆಯಾಡಿಸಿದೆ. ಕಾಕಾ ಗೀಟೆಳೆದರು.

ಸೋಮವಾರ ಪಾದಪೂಜೆ ಭರ್ಜರಿಯಾಗಿ ನಡೆಯಿತು. ಮೂವತ್ತು ಜನ ಆ ಏಳು ಕಲ್ಲಿನ ಕೆಳಗೆ ಕೂತು ಹುಗ್ಗಿ ಉಂಡರು. ನಾನು ಬಡಿಸುತ್ತ ಬಡಿಸುತ್ತ ಮೇಲೆ ನೋಡುತ್ತಿದ್ದೆ. ಯಾರೋ, ಟೀಚರಿಗೆ ತಮ್ಮ ಪೋರ್ಚ್ ನೋಡಿ ದಣಿವೇ ಇಲ್ಲ ಎಂದು ಚೇಷ್ಟೆ ಮಾಡಿದರು. ಎಲ್ಲರೂ ನಕ್ಕರು, ನಾನೂ ನಕ್ಕೆ.

ಮರುದಿನದಿಂದ ಅತ್ತೆ ತಮ್ಮ ಕುರ್ಚಿಯನ್ನು ಸರಿಯಾಗಿ ಮೂರನೇ ಕಲ್ಲಿನ ಕೆಳಗೇ ಹಾಕಿಕೊಂಡರು. ಅಲ್ಲಿಗೆ ಎರಡು ಮನೆಗಳ ನಡುವಿನ ಸಂದಿಯಿಂದ ಗಾಳಿ ಬರುತ್ತಿತ್ತು. ಈ ಕಡೆ ಕೂತುಕೊಳ್ಳಿ ಎಂದು ನಾನು ದಿನಾ ಕುರ್ಚಿ ಎಳೆದಿಡುವುದು, ಶಾಲೆಯಿಂದ ಬರುವಷ್ಟರಲ್ಲಿ ಅದು ಮತ್ತೆ ಅಲ್ಲಿಗೇ ಹೋಗಿರುವುದು.

“ಏನಾಗ್ಯಾದ ನಿನಗ? ಗಾಳಿ ಇಲ್ಲೇ ಬರ್ತದ, ನಾ ಇಲ್ಲೇ ಕುಂದರ್ತೀನಿ,” ಎಂದು ಒಮ್ಮೆ ಗದರಿದರು.

ಕ್ಲಾಸಿನಲ್ಲಿ ಲೆಕ್ಕ ಬರೆಯುತ್ತ ಬರೆಯುತ್ತ ಸೀಮೆಸುಣ್ಣ ಹಿಡಿದ ಕೈ ನಿಂತುಬಿಡುತ್ತಿತ್ತು. ಅತ್ತೆಗೆ ಹೇಳಿದರೆ ಇಡೀ ಓಣಿಗೆ ಹೇಳಿದಂತೆ. ಗಂಡನಿಗೆ ಹೇಳಿದರೆ, ತಿಳಿದೂ ಯಾಕೆ ಹೂಂ ಎಂದೆ ಎಂದು ಕೇಳುತ್ತಾರೆ. ದೀಪಾವಳಿಗೆ ಜೇಡರ ಬಲೆ ತೆಗೆಯುವಾಗ ಆ ಕಲ್ಲಿನ ನಡುವೆ ಕೂದಲೆಳೆಯಷ್ಟು ಗೆರೆ ಕಂಡಿತು. ಎಂಟು ದಿನ ಬಿಟ್ಟು ನೋಡಿದೆ. ಅದು ಒಂದು ಗೇಣು ಉದ್ದವಾಗಿತ್ತು.

ಅತ್ತೆಯನ್ನು ಕಾಳಗಿಯ ನಾದಿನಿಯ ಮನೆಗೆ ಕಳಿಸಿದೆ. ಕಾಕಾ ಆಗ ನಮ್ಮೂರಿನ ಸ್ಟೇಷನ್ ಕಡೆ ಒಂದು ಮನೆಯ ಕೆಲಸದಲ್ಲಿದ್ದರು. ಹೋಗಿ ಕೈಸನ್ನೆ ಮಾಡಿ ಕರೆದುಕೊಂಡು ಬಂದೆ. ಏನು ಹೇಳುವುದು, ಹೇಗೆ ಹೇಳುವುದು? ಕೂಗಿದರೆ ಓಣಿಯೆಲ್ಲ ಕೇಳಿಸುತ್ತದೆ, ಕೂಗದಿದ್ದರೆ ಅವರಿಗೆ ಕೇಳಿಸುವುದಿಲ್ಲ. ಪೋರ್ಚಿನ ಕೆಳಗೆ ನಿಲ್ಲಿಸಿ ಮೂರನೇ ಕಲ್ಲಿಗೆ ಬೆರಳು ತೋರಿಸಿದೆ. ಅವರು ನನ್ನ ಮುಖ ನೋಡಿದರು. ನಾನು ಇಲ್ಲ ಎಂದು ತಲೆಯಾಡಿಸಿದೆ.

ಕಾಕಾ ಮತ್ತೊಮ್ಮೆ ಆ ಕಲ್ಲನ್ನು ನೋಡಿದರು. ಟೋಪಿ ತೆಗೆದು ತಲೆ ಒರೆಸಿಕೊಂಡರು.

“ಅವತ್ತು ಹೂಂ ಅಂದಿದ್ರಲ್ರಿ, ಅಕ್ಕೋರ,” ಎಂದರು.

ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಚೆನ್ನಾಗಿತ್ತು. ನಾಚಿಕೆಯಿಂದ ನನಗೆ ಅವರ ಕಣ್ಣು ನೋಡಲಾಗಲಿಲ್ಲ. ಮತ್ತೆ ಅವರೇ ಹೇಳಿದರು, “ಆಗಿದ್ದಾಯ್ತು, ಬಿಡ್ರಿ. ಯಾರಿಗೂ ಹೇಳಬ್ಯಾಡ್ರಿ. ಇಬ್ಬರು ಮಂದಿನ್ನ ಕರ್ಕೊಂಡು ಬಂದು ನಾನೇ ಇಳಸ್ತೀನಿ. ನನ್ನ ಕಿವಿ ಹೋಗ್ಯಾದಂತ ಗೊತ್ತಾದ್ರ ನಾಳಿಂದ ಯಾರೂ ಕೆಲಸಕ್ಕ ಕರ್ಯಲ್ರಿ.” ನಾನು ಹೂಂ ಎಂದೆ. ಈ ಸಲ ಬಾಯಿ ಬಿಟ್ಟೇ ಹೂಂ ಎಂದೆ. ಗೇಟಿನ ಕೀಲಿ ಕೊಟ್ಟೆ.

ಗುರುವಾರ ಅವರು ಬಂದದ್ದು ಒಬ್ಬರೇ. ಜನರನ್ನು ಕರೆದರೆ, ನೀವೇ ಗೀಟೆಳೆದ ಕಲ್ಲನ್ನು ನೀವೇ ಯಾಕೆ ಇಳಿಸುತ್ತೀರಿ ಎಂದು ಕೇಳುತ್ತಾರೆ. ಅದಕ್ಕೇ ಒಬ್ಬರೇ ಬಂದಿರಬೇಕು ಎಂದು ಆಮೇಲೆ ನಾನು ಊಹಿಸಿದ್ದು. ಮೇಲಿನ ಗಿಲಾಯಿ ಕಿತ್ತು, ಕೆಳಗಿಳಿದು ಕಲ್ಲಿಗೆ ಕಟ್ಟಿಗೆಯ ಆನಿಕೆ ಕೊಡುತ್ತಿದ್ದರಂತೆ. ಕಲ್ಲು ಬಿಡುವಾಗ ಚಟಚಟ ಅಂದಿತಂತೆ, ಎದುರು ಮನೆಯವರಿಗೆ ಕೇಳಿಸಿ ಅವರು ಹಿತ್ತಲಿನಿಂದ ಓಡಿ ಬಂದರಂತೆ. ಕೆಳಗೆ ನಿಂತಿದ್ದ ಕಾಕಾಗೆ ಮಾತ್ರ ಅದು ಕೇಳಿಸಲಿಲ್ಲ.

ಶಾಲೆಯ ಜವಾನ ಕ್ಲಾಸಿನ ಬಾಗಿಲಿಗೆ ಬಂದು ನಿಂತಾಗ ಅವನು ಬಾಯಿ ತೆಗೆಯುವ ಮೊದಲೇ ನನಗೆ ಗೊತ್ತಾಗಿತ್ತು.

ಕಲಬುರಗಿಯ ಆಸ್ಪತ್ರೆಯಲ್ಲಿ ಹದಿನೆಂಟು ದಿನ ಇದ್ದರು. ನಾನು ಹೋದಾಗ ಕಾಕಿ ಪಕ್ಕದಲ್ಲೇ ಕೂತಿದ್ದರು. ಕಾಕಾ ನನ್ನನ್ನು ನೋಡಿ, “ಅತ್ತಿಯವರು ಛಲೋ ಹಾರೇನ್ರಿ?” ಎಂದು ಕೇಳಿದರು. ಬೇರೇನೂ ಹೇಳಲಿಲ್ಲ, ಯಾರಿಗೂ ಹೇಳಲಿಲ್ಲ. ಹತ್ತೊಂಬತ್ತನೆಯ ದಿನ ಬೆಳಗ್ಗೆ ಹೋಗಿಬಿಟ್ಟರು.

ಡಾಕ್ಟರು ಕೇಳಿದ್ದಕ್ಕೆಲ್ಲ ಅವರು ಅಡ್ಡಾದಿಡ್ಡಿ ಉತ್ತರ ಕೊಟ್ಟದ್ದರಿಂದ ಗುಟ್ಟು ಆಸ್ಪತ್ರೆಯಲ್ಲೇ ರಟ್ಟಾಗಿತ್ತು. ಕಿವುಡ ಗೌಂಡಿ ಕಲ್ಲು ಬಾರಿಸಿ ನೋಡುತ್ತಿದ್ದನಂತೆ ಎಂದು ಊರು ನಕ್ಕಿತು, ಆಮೇಲೆ ಹೆದರಿತು. ಅವರು ಮಾಳಿಗೆ ಹಾಸಿದ ಮನೆಯವರೆಲ್ಲ ಬೇರೆ ಗೌಂಡಿಗಳನ್ನು ಕರೆಸಿ ಒಂದೊಂದು ಕಲ್ಲೂ ಪರೀಕ್ಷೆ ಮಾಡಿಸಿದರು. ಎಲ್ಲಿಯೂ ಒಂದು ಕಲ್ಲೂ ತಪ್ಪಿರಲಿಲ್ಲ. ಅದು ಹೇಗೆ ಎಂದು ಯಾರೂ ಯೋಚಿಸಲಿಲ್ಲ. ಕಿವುಡ ಗೌಂಡಿ ಎಂಬ ಹೆಸರು ಮಾತ್ರ ಉಳಿಯಿತು. ನಾವು ಉಳಿದ ಆರು ಕಲ್ಲನ್ನೂ ಇಳಿಸಿದೆವು. ಅತ್ತೆ ಮತ್ತೆ ಪೋರ್ಚಿನ ಮಾತೆತ್ತದೆ ಆರು ವರ್ಷ ಒಳಗಿನ ಕೋಣೆಯಲ್ಲೇ ಕಳೆದು ತೀರಿಕೊಂಡರು.

ತಿಂಗಳಾದ ಮೇಲೆ ನಾನು ಭಂಕೂರಿಗೆ ಹೋದೆ. ಹೇಳಿಬಿಡಬೇಕೆಂದೇ ಹೋಗಿದ್ದೆ, ದಾರಿಯುದ್ದಕ್ಕೂ ಬಸ್ಸಿನಲ್ಲಿ ವಾಕ್ಯ ಜೋಡಿಸಿಕೊಂಡು. ಕಾಕಿ ನನಗೆ ಕಂಬಳಿ ಹಾಸಿ ಕೂರಿಸಿ ಚಹಾ ಕೊಟ್ಟರು. ತಾವೇ ಮಾತು ತೆಗೆದರು.

“ಆರು ವರ್ಷ ಆಗಿತ್ರಿ ಅವ್ರ ಕಿವಿ ಹೋಗಿ. ಸಿಮೆಂಟ್ ಕಲಸೋ ನೆವ ಮಾಡಿ ನಾ ಬಾಜೂಕ ನಿಂದರ್ತಿದ್ದೆ. ಅವ್ರು ಬಾರಿಸಿ ನನ್ನ ಮಾರಿ ನೋಡ್ತಿದ್ರು, ನಾ ಕಣ್ಣಾಗೇ ಹೇಳ್ತಿದ್ದೆ. ನಿಮ್ಮ ಮನಿ ಕೆಲಸದಾಗ ನನಗ ಜ್ವರ ಬಂದಿತ್ತು, ಅಕ್ಕೋರ. ಅವತ್ತು ಯಾರ ಮಾರಿ ನೋಡ್ಯಾರೋ ಏನೋ...”

ನನ್ನ ಕೈಯಲ್ಲಿ ಚಹಾದ ಬಸಿ ಇತ್ತು. ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. ನಾನು ಚಹಾ ಕುಡಿದು ಮುಗಿಸಿದೆ. ಇನ್ನೊಮ್ಮೆ ಬರುತ್ತೇನೆ ಎಂದು ಎದ್ದು ಬಂದೆ. ಇನ್ನೊಮ್ಮೆ ಹೋಗಲಿಲ್ಲ. ಶಾಲೆ, ಪರೀಕ್ಷೆ, ಮನೆ ಎಂದು ನೆಪಗಳಿಗೇನು ಬರ... ಹೇಡಿತನಕ್ಕೆ ಬೇರೆ ಹೆಸರು ಹುಡುಕುವುದನ್ನು ಈಗ ಬಿಟ್ಟಿದ್ದೇನೆ.

ಇವತ್ತು ಮಧ್ಯಾಹ್ನ, ಈಗ ರಿಟೈರಾಗಿರುವ ನನ್ನ ಗಂಡ ಕರೆಸಿದ ಗುತ್ತಿಗೆದಾರ ಬಂದಿದ್ದ. ನಲವತ್ತರ ಗಟ್ಟಿ ಆಳು. ಫೋನಿನಲ್ಲೇ ಪೋರ್ಚಿನ ಚಿತ್ರ ತೋರಿಸಿದ, ಸಿಮೆಂಟಿನ ಸ್ಲ್ಯಾಬು, ಅರ್ಧ ದುಡ್ಡು ಮೊದಲು, ಮಿಕ್ಕದ್ದು ಕೆಲಸದ ಮೇಲೆ ಎಂದ. ಊರು ಯಾವುದೆಂದು ಕೇಳಿದರೆ ಭಂಕೂರು ಎಂದ. ಗೌಂಡಿ ಕಾಕಾರ ಹೆಂಡತಿ ಹೇಗಿದ್ದಾರೆಂದು ವಿಚಾರಿಸಿದೆ. ಈ ಸಲ ಹೋಗಿ ಹೇಳಿಯೇಬಿಡುತ್ತೇನೆ ಎಂದು ಮನಸ್ಸಿನಲ್ಲಿ ಅದಾಗಲೇ ಬಸ್ಸು ಹತ್ತಿದ್ದೆ.

“ಆ ಮುದುಕಿ ಹೋಗಿ ಎರಡು ವರ್ಷ ಆಯ್ತಲ್ರಿ, ಮೇಡಂ,” ಎಂದ ಟೇಪು ಸುತ್ತುತ್ತ. “ಕಡೀತನಕ ತನ್ನದೇ ತಪ್ಪು ಅಂತಿದ್ಳು. ಜ್ವರ ಬಂದ್ರ ಏನಾಯ್ತು, ನಾ ಅವತ್ತ ಹೋಗಬೇಕಿತ್ತು, ನಾ ಮಲಕೊಂಡಿದ್ದಕ್ಕ ಅವ್ರು ಹೋದ್ರು ಅಂತ ಸಿಕ್ಕಸಿಕ್ಕವರ ಮುಂದ ಅಳ್ತಿದ್ಳು.”

ಅವನು ಅಳತೆ ಬರೆದುಕೊಂಡು ಹೋದ. ನನ್ನ ತಪ್ಪನ್ನು ಕಾಕಿ ಒಂಬತ್ತು ವರ್ಷ ಹೊತ್ತುಕೊಂಡು ತಿರುಗಿದ್ದರು. ಒಂದು ಮಾತಿನಲ್ಲಿ ಇಳಿಸಬಹುದಾಗಿತ್ತು, ಅವತ್ತು ಅವರ ಮನೆಯಲ್ಲೇ ಕೂತಿದ್ದೆ.