ಮೂರನೇ ರಾಜನನ್ನು ಕರೆದರೆ

ಗೆಳೆಯರೇ, ನಗಬೇಡಿ. ಇವತ್ತು ಮಧ್ಯಾಹ್ನ ಅಡಾಜಣ್‌ನ ನಮ್ಮ ಫ್ಲಾಟಿನಲ್ಲಿ ಕೂತು, ಫೋನಿನಲ್ಲಿ ನೆಂಟರ ಜೊತೆ ಪೋಕರ್ ಆಡುತ್ತಿದ್ದೆ. ಕಾಸಿನ ಆಟವಲ್ಲ, ಪುಕ್ಕಟೆ ಚಿಪ್ಸ್. ಆದರೂ ವಡೋದರಾದ ನನ್ನ ಭಾವಮೈದ ಗೆದ್ದರೆ ಫ್ಯಾಮಿಲಿ ಗ್ರೂಪಿನಲ್ಲಿ ವಾರವಿಡೀ ಮೆರೆಯುತ್ತಾನೆ.

ನನ್ನ ಕೈಯಲ್ಲಿ ಎರಡು ರಾಜ. ಆದರೆ ಎಲ್ಲರಿಗೂ ಸೇರಿ ನಡುವೆ ಬಿಚ್ಚಿದ ಮೂರು ಎಲೆಗಳಲ್ಲಿ ಎರಡು ಆಟೀನು. ಇನ್ನೊಂದು ಆಟೀನು ಬಿದ್ದರೆ, ಕೈಯಲ್ಲಿ ಎರಡು ಆಟೀನು ಇರುವವರು ಯಾರಾದರೂ ಐದನ್ನೂ ಸೇರಿಸಿ ನನ್ನನ್ನು ಮುಳುಗಿಸಬಹುದು. ಕಡಿಮೆ ಕಟ್ಟಿದರೆ ಎಲ್ಲರೂ ಆಟದಲ್ಲಿ ಉಳಿಯುತ್ತಾರೆ, ಜಾಸ್ತಿ ಕಟ್ಟಿದರೆ ಎಲ್ಲರೂ ಓಡಿಹೋಗುತ್ತಾರೆ. ಏನೂ ತೋಚದೆ ಮೂರನೇ ರಾಜನನ್ನೇ ಕೂಗಿದೆ: "ಬಾ! ಬಾ! ಬಾ!"

ತೆರೆದ ಬಾಗಿಲಲ್ಲಿ ಎದುರು ಮನೆಯ ಅಜ್ಜಿ ಹಿಟ್ಟಿನ ಕೈಯಲ್ಲೇ ಬಂದು ನಿಂತರು. ಗುಜರಾತಿಯಲ್ಲಿ ಬಾ ಎಂದರೆ ಅಮ್ಮ. ಇಡೀ ಮಹಡಿಗೆ ಅವರೇ ಬಾ.

"ಶು ಥಯು, ಬೇಟಾ?" ಏನಾಯ್ತಪ್ಪ ಎಂದು ಗಾಬರಿಯಿಂದ ಕೇಳಿದರು.

ಫೋನು ತೋರಿಸಿದೆ. ಗೋಕುಲಾಷ್ಟಮಿಗೆ ಮನೆಮಂದಿಯೆಲ್ಲ ತೀನ್ ಪತ್ತಿ ಇಸ್ಪೀಟು ಆಡುವ ಸೌರಾಷ್ಟ್ರದಲ್ಲಿ ಬೆಳೆದವರು ಅವರು. ಗುಜರಾತಿಯಲ್ಲೇ ಬೈದರು: "ಆಟೀನಿನ ಮೋಡ ಕಟ್ಟಿದೆ, ಹಪ್ಪಳ ಇನ್ನೂ ಹೊರಗೇ ಬಿಟ್ಟಿದ್ದೀಯಾ? ಜಾಸ್ತಿ ಕಟ್ಟು! ಮುಂದಿನ ಎಲೆ ನೋಡಬೇಕು ಅನ್ನೋನು ಬೆಲೆ ಕೊಟ್ಟು ನೋಡಲಿ."

ಕಟ್ಟಿದೆ. ಉಳಿದವರು ಓಡಿದರು, ಭಾವಮೈದ ಮಾತ್ರ ಜಂಬದಿಂದ ಉಳಿದ. ಆಟೀನು ಬೀಳಲೇ ಇಲ್ಲ. ರಾಜನೂ ಬರಲಿಲ್ಲ, ಬೇಕಾಗಲೂ ಇಲ್ಲ. ನಾನು ಗೆದ್ದು ಕುಣಿದೆ. ಅಂಗಿಯ ಬೆನ್ನ ಮೇಲೆ ಬಾ ಅವರ ಹಿಟ್ಟಿನ ಕೈಗುರುತು ಹಾಗೇ ಇದೆ.

ಈಗಷ್ಟೇ ಹೆಂಡತಿ ಅಡುಗೆಮನೆಯಿಂದ ನನ್ನನ್ನು ಕೂಗಿದಳು: "ಊಟಕ್ಕೆ ಬಾ!"

ಇಬ್ಬರೂ ಹೋದೆವು.